ಮಾಸ್ಕ್ ಆಮೇಲೆ ಕೊಡಿ, ಮೊದಲು ರಜೆ ಕೊಡಿ

ಆಗಸ್ಟ್ 2009

ಸಂಪಾದಕರಿಗೆ ನಮಸ್ಕಾರ.

ಈಚೆಗೆ ಪತ್ರಿಕೆ ತೆಗೆದರೂ ಟಿವಿ ಹಚ್ಚಿದರೂ ಪುಣೆಯದ್ದೇ ಸುದ್ದಿ. ಆಗಸ್ಟ್ 3ರಂದು ಇಲ್ಲಿ 14 ವರ್ಷದ ಶಾಲಾ ಹುಡುಗಿ ಹಂದಿಜ್ವರದಿಂದ ತೀರಿಕೊಂಡಳು. ಈ ಕಾಯಿಲೆಗೆ ನಮ್ಮ ದೇಶದಲ್ಲಿ ಹೋದ ಮೊದಲ ಜೀವ ಅದು. ಅವತ್ತಿನಿಂದ ಊರಿಗೆ ಊರೇ ಮೂಗು ಬಾಯಿ ಕಟ್ಟಿಕೊಂಡು ಓಡಾಡುತ್ತಿದೆ. ಶಾಲೆಗಳಿಗೆ ರಜೆ ಕೊಟ್ಟರು, ಸಿನಿಮಾ ಮಂದಿರ ಮುಚ್ಚಿಸಿದರು. ಓದುಗರ ಪತ್ರಗಳಲ್ಲೂ ದಿನಾ ಅದೇ ಗೋಳು: ಮಾಸ್ಕ್ ಸಿಗುತ್ತಿಲ್ಲ, ಸಿಕ್ಕರೂ ಎರಡು ಮೂರು ಪಟ್ಟು ಬೆಲೆ, ಈ ಜ್ವರಕ್ಕೆ ಕೊಡುವ ಟ್ಯಾಮಿಫ್ಲೂ ಮಾತ್ರೆ ಮೆಡಿಕಲ್ ಅಂಗಡಿಯಲ್ಲಿ ಯಾಕೆ ಮಾರುವುದಿಲ್ಲ ಅಂತ. ಅದೆಲ್ಲ ಸರಿ. ಆದರೆ ಜ್ವರ ಬಂದವನು ಮನೆಯಲ್ಲಿ ಮಲಗಬೇಕಾದರೆ ಅವನಿಗೆ ರಜೆ ಕೊಡುವವರು ಯಾರು? ಈ ಮಾತನ್ನು ಯಾರೂ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಕೆಲಸ ಮಾಡುವವರಲ್ಲಿ ಬಿಜಾಪುರ, ಗುಲ್ಬರ್ಗಾ, ಬೀದರ ಕಡೆಯ ಹುಡುಗರೇ ಜಾಸ್ತಿ. ಬೆಳಿಗ್ಗೆ ಗೇಟಿನ ಹತ್ತಿರ ರಿಜಿಸ್ಟರ್ ಹಿಡಿದು ಕೂತರೆ ಯಾರಿಗೆ ಏನಾಗಿದೆ ಅನ್ನೋದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮೊನ್ನೆ ಲೇಥ್ ಅನ್ನೋ ಲೋಹ ಕಡೆಯುವ ಮಷೀನಿನ ಮೇಲೆ ಕೆಲಸ ಮಾಡುವ ಒಬ್ಬ ಹುಡುಗ ಬಂದ. ಕಣ್ಣು ಕೆಂಪಗಿದ್ದವು, ದನಿ ಒಡೆದಿತ್ತು, ಕೊರಳಲ್ಲಿ ಕರ್ಪೂರ ಏಲಕ್ಕಿ ಕಟ್ಟಿದ ಸಣ್ಣ ಗಂಟು ಜೋತಾಡುತ್ತಿತ್ತು. ಕ್ರೋಸಿನ್ ನುಂಗಿಯೇ ಬಂದಿದ್ದ. ಮನೆಗೆ ಹೋಗಪ್ಪಾ ಅಂದೆ. 'ಕಾಕಾ, ಇದು ಸುಮ್ನ ಮಳಿ ನೆಗಡಿ ಐತ್ರಿ, ಹೆಸರು ಬರಕೊಳ್ರಿ. ನಾಕ್ ದಿನ ಮಲ್ಕೊಂಡ್ರ ಖೋಲಿ ಬಾಡಗಿ ಯಾರ್ ಕೊಡ್ತಾರ?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಹೆಸರಿನ ಮುಂದೆ ಗೈರು ಅಂತ ಬರೆದರೆ ಆ ದಿನದ ಪಗಾರ ಹೋಯಿತು. ಲೆಕ್ಕ ಮಾಡುವವನೂ ನಾನೇ ಅಲ್ವಾ.

ಅವನು ಮಷೀನಿನ ಮುಂದೆ ನಿಂತ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ನೋಡಿ. ಮೂಗು ಒರೆಸಿದ ಕೈಯಲ್ಲೇ ಮಷೀನ್ ಬಿಗಿಸುವ ಚಕ್ ಕೀ ಹಿಡಿಯುತ್ತಾನೆ. ಅದೇ ಕೀ ಪಕ್ಕದವನ ಕೈಗೆ ಹೋಗುತ್ತದೆ. ಅಳತೆ ನೋಡುವ ವರ್ನಿಯರ್ ಕೈಯಿಂದ ಕೈಗೆ ಸುತ್ತುತ್ತದೆ. ನೀರಿನ ಡ್ರಮ್ಮಿಗೆ ಸರಪಳಿ ಕಟ್ಟಿದ ಸ್ಟೀಲ್ ಲೋಟ ಒಂದೇ ಒಂದು, ಇಡೀ ಶಿಫ್ಟಿಗೆ ಅದೇ. ಕೈಗೆ ಸೋಪು ಹತ್ತುವುದು ಸಂಜೆ ಎಣ್ಣೆ ಕಲೆ ತೆಗೆಯುವಾಗ ಮಾತ್ರ. ಈ ವೈರಸ್ಸಿಗೆ ಮೇಲೊಂದು ಜಿಡ್ಡಿನ ಪೊರೆ ಇರುತ್ತದೆ, ಸೋಪು ಹಚ್ಚಿ ಚೆನ್ನಾಗಿ ತಿಕ್ಕಿದರೆ ಅದು ಒಡೆದುಹೋಗುತ್ತದೆ. ಅಂದರೆ ಮಾಸ್ಕಿಗಿಂತ ಅಗ್ಗದ ಉಪಾಯ ಇಲ್ಲೇ ಇದೆ. ನಾವು ಮಾಡಿದ ಮೊದಲ ಕೆಲಸ ಆ ಲೋಟ ಬಿಚ್ಚಿ ಹಾಕಿದ್ದು, ಎರಡನೆಯದು ನಲ್ಲಿಯ ಹತ್ತಿರ ಸೋಪು ಇಟ್ಟಿದ್ದು. ಎರಡು ಸಲ ಸೋಪು ಕಳುವಾಯಿತು, ಅದು ಬೇರೆ ಮಾತು. ಕದ್ದವನು ಮನೆಯಲ್ಲಾದರೂ ಕೈ ತೊಳೆದುಕೊಂಡಿರುತ್ತಾನೆ ಅಂತ ಸಮಾಧಾನ.

ಇನ್ನು ಸರ್ಟಿಫಿಕೇಟಿನ ಕಥೆ. ಪುಣೆಯಲ್ಲಿ ಈಗ ಕೆಮ್ಮಿದರೆ ಸಾಕು, ಕೆಲವು ಆಫೀಸು ಕಾರ್ಖಾನೆಗಳು 'ನಿನಗೆ ಸ್ವೈನ್ ಫ್ಲೂ ಇಲ್ಲ ಅಂತ ಬರೆಸಿಕೊಂಡು ಬಾ, ಆಮೇಲೆ ಒಳಗೆ ಬಾ' ಅನ್ನುತ್ತಿವೆ. ಹಾಗೆ ಬರೆದುಕೊಡಲು ಡಾಕ್ಟರಿಗೆ ಮುಖ ನೋಡಿದರೆ ಸಾಲದು. ಗಂಟಲಿನ ದ್ರವ ತೆಗೆದು ಇಲ್ಲಿನ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಪ್ರಯೋಗಾಲಯಕ್ಕೆ ಕಳಿಸಬೇಕು, ಫಲಿತಾಂಶ ಬರುವವರೆಗೆ ಕಾಯಬೇಕು. ಇಡೀ ನಗರವೇ ಸಾಲು ಹಚ್ಚಿದರೆ ಯಾವ ಲ್ಯಾಬ್ ತಾನೇ ಏನು ಮಾಡೀತು? ಸಾದಾ ನೆಗಡಿ, ಸಣ್ಣ ಜ್ವರ, ಗಂಟಲು ನೋವು ಇಷ್ಟೇ ಇದ್ದರೆ ಪರೀಕ್ಷೆಯೂ ಬೇಡ, ಟ್ಯಾಮಿಫ್ಲೂನೂ ಬೇಡ, ಮನೆಯಲ್ಲೇ ಇದ್ದು ಒಂದೆರಡು ದಿನ ಡಾಕ್ಟರ ನಿಗಾದಲ್ಲಿರಿ ಅಂತ ಸರ್ಕಾರವೇ ಹೇಳುತ್ತಿದೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಕ್ತದೊತ್ತಡ ಇಳಿದರೆ, ಉಗುರು ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಸ್ತಮಾ ಇದ್ದವರು ಬೇಗ ತೋರಿಸಿಕೊಳ್ಳಬೇಕು, ಯಾಕೆಂದರೆ ಟ್ಯಾಮಿಫ್ಲೂ ಮಾತ್ರೆ ಜ್ವರ ಕಾಣಿಸಿದ 48 ಗಂಟೆಯ ಒಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗಿರುವಾಗ ಗಟ್ಟಿಮುಟ್ಟಾಗಿರುವ ಜನರನ್ನು ಒಂದು ಚೀಟಿಗಾಗಿ ಅದೇ ಸಾಲಿಗೆ ತಳ್ಳಿದರೆ ನಿಜವಾಗಿ ಉಸಿರು ಕಟ್ಟಿದವನ ಪಾಳಿ ಯಾವಾಗ ಬರಬೇಕು?

ಆ ಸಾಲನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಪಕ್ಕದ ಖೋಲಿಯವರ ಜೊತೆ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಮಳೆ ಜಿನುಗುತ್ತಿತ್ತು, ಎಲ್ಲರೂ ಒಂದೇ ತಗಡಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಜ್ವರ ಇದ್ದವರು, ಇಲ್ಲದವರು, ಬರೀ ಹೆದರಿ ಬಂದವರು, ಎಲ್ಲ ಕಲಸುಮೇಲೋಗರ. ಮಾಸ್ಕ್ ಎಲ್ಲರ ಹತ್ತಿರವೂ ಇತ್ತು, ಆದರೆ ವಡಾಪಾವ್ ತಿನ್ನುವಾಗ ಗಲ್ಲಕ್ಕೆ ಇಳಿಯುತ್ತಿತ್ತು, ಫೋನ್ ಬಂದಾಗ ಗಲ್ಲಕ್ಕೆ ಇಳಿಯುತ್ತಿತ್ತು, ಕೆಮ್ಮು ಬಂದಾಗಲೂ, ನಂಬಿ, ಉಸಿರಾಡಲು ಆಗಲ್ಲ ಅಂತ ಗಲ್ಲಕ್ಕೇ ಇಳಿಯುತ್ತಿತ್ತು. ಒಂದು ಗಂಡ ಹೆಂಡತಿ ನಡುವೆ ಒಂದೇ ಮಾಸ್ಕ್. ಸಾಲಿನಲ್ಲಿ ನಿಲ್ಲುವ ಪಾಳಿ ಯಾರದೋ ಅವರು ಹಾಕಿಕೊಳ್ಳುತ್ತಿದ್ದರು. ಆಕೆ ತೆಗೆದು ಕೊಟ್ಟಳು, ಆತ ಒಳಗಿನ ಬದಿಯನ್ನು ಅಂಗಿಗೆ ಒರೆಸಿ ಕಟ್ಟಿಕೊಂಡ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬೆಳಿಗ್ಗೆ ಬರೀ ಹೆದರಿಕೆ ಹೊತ್ತು ಬಂದವನು ಸಂಜೆ ಜ್ವರ ಹೊತ್ತು ಮನೆಗೆ ಹೋಗುವ ಜಾಗ ಅದು.

ಮಾಸ್ಕ್ ಬೇಡ ಅಂತ ನಾನು ಹೇಳುತ್ತಿಲ್ಲ. ರೋಗಿಗೆ ಬೇಕು, ರೋಗಿಯನ್ನು ನೋಡಿಕೊಳ್ಳುವವರಿಗೆ ಬೇಕು, ಆಸ್ಪತ್ರೆಯವರಿಗಂತೂ ಬೇಕೇ ಬೇಕು. ಎನ್95 ಅನ್ನೋ ಮಾಸ್ಕ್ ತೀರಾ ಸಣ್ಣ ಕಣಗಳಲ್ಲಿ ನೂರಕ್ಕೆ 95ನ್ನು ತಡೆಯುತ್ತದೆ, ಆದರೆ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ನಮ್ಮ ಮೀಸೆ ಗಡ್ಡದ ಮೇಲೆ ಸಡಿಲವಾಗಿ ಜೋತುಬಿದ್ದರೆ ದುಡ್ಡು ದಂಡ. ಸಾದಾ ಮಾಸ್ಕಾದರೆ ಒದ್ದೆಯಾದ ಕೂಡಲೇ ಬದಲಿಸಬೇಕು. ಪುಣೆಯ ಹುಡುಗಿಯರು ಸ್ಕೂಟಿ ಮೇಲೆ ಮೊದಲಿನಿಂದಲೂ ಓಢಣಿ ಸುತ್ತಿಕೊಂಡೇ ಹೋಗುತ್ತಾರೆ, ಈಗ ಗಂಡಸರೂ ಕಲಿತರು, ಅಷ್ಟೇ. ತುಳಸಿ ಕಷಾಯ, ಅಮೃತಬಳ್ಳಿ, ಕರ್ಚೀಫಿಗೆ ನೀಲಗಿರಿ ಎಣ್ಣೆ, ಇವಕ್ಕೂ ನಾನು ಅಡ್ಡ ಬರಲ್ಲ. ಮೂಗು ಬಿಟ್ಟಂತಾದರೆ ಒಳ್ಳೆಯದೇ. ಟ್ಯಾಮಿಫ್ಲೂ ತಯಾರಿಸಲು ಬೇಕಾದ ಮೂಲವಸ್ತು ನಮ್ಮ ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಿಂದ ಬರುತ್ತದೆ ಅನ್ನೋದು ನಿಜ, ಹಾಗಂತ ಚಕ್ರಮೊಗ್ಗು ಅಗಿದರೆ ಜ್ವರ ಹೋಗಲ್ಲ. ಹಂದಿ ಮಾಂಸ ಬೇಯಿಸಿ ತಿಂದರೆ ಈ ಜ್ವರ ಬರುವುದೂ ಇಲ್ಲ, ಆ ವ್ಯಾಪಾರಿಗಳ ಹೊಟ್ಟೆಯ ಮೇಲೆ ಸುಮ್ನೆ ಹೊಡೆಯಬೇಡಿ.

ಊರಿನಿಂದ ಬರುವ ಫೋನುಗಳದ್ದೇ ಇನ್ನೊಂದು ತಾಪತ್ರಯ. ಧಾರವಾಡದಿಂದ ನಮ್ಮ ಅಕ್ಕ ದಿನಾ ಫೋನ್ ಮಾಡಿ 'ಎಲ್ಲಾ ಬಿಟ್ಟು ಬಂದುಬಿಡೋ, ಹುಡುಗರನ್ನಾದ್ರೂ ಕಳಸು' ಅನ್ನುತ್ತಾಳೆ. ಹಿಂದಿನಿಂದ ಭಾವ 'ಒಂದು ವಾರ ಬಿಟ್ಟು ಬರ್ಲಿ' ಅನ್ನೋದೂ ಅದೇ ಫೋನಿನಲ್ಲಿ ಕೇಳಿಸುತ್ತದೆ. ನಾನು ಭಾವನ ಕಡೆ. ಶಾಲೆಗೆ ರಜೆ ಸಿಕ್ಕಿತು ಅಂತ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸಿದವರು ನಮ್ಮ ಚಾಳಿನಲ್ಲೇ ಇದ್ದಾರೆ. ಜ್ವರ ಕಾಣುವ ಒಂದು ದಿನ ಮುಂಚಿನಿಂದಲೇ, ಆಮೇಲೆ ಸುಮಾರು 7 ದಿನದವರೆಗೆ ಈ ರೋಗ ಇನ್ನೊಬ್ಬರಿಗೆ ಹರಡಬಹುದು. ಅಜ್ಜ ಅಜ್ಜಿ ಇರುವ ಮನೆಗೆ ಅದನ್ನು ಹೊತ್ತುಕೊಂಡು ಹೋಗುವುದು ಬೇಡ. 1918ರಲ್ಲಿ ಮುಂಬಯಿ ಬಂದರಿನಲ್ಲಿ ಶುರುವಾದ ಇನ್‌ಫ್ಲುಯೆಂಜಾ ದೇಶದ ತುಂಬ ಹರಡಿದ್ದು ರೈಲು ಹತ್ತಿಯೇ. ಅವತ್ತು ಮೊದಮೊದಲು ಆಸ್ಪತ್ರೆ ಸೇರಿದವರಲ್ಲಿ ಬಂದರಿನ ಪೊಲೀಸ್ ಪೇದೆಗಳಿದ್ದರು, ದುಡಿಯಲು ಹೋದವರು.

ಹಾಗಾದರೆ ಆ 7 ದಿನ ಬಡವ ಎಲ್ಲಿಂದ ತರಬೇಕು? ಇ.ಎಸ್.ಐ., ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಲ್ಲ ಅನ್ನುತ್ತಾರೆ. ಇದೆ. ಆದರೆ ಅದರ ನಿಯಮದಲ್ಲಿ ಕಾಯಿಲೆಯ ಮೊದಲ 2 ದಿನಕ್ಕೆ ದುಡ್ಡು ಸಿಗುವುದಿಲ್ಲ, ಮೂರನೆಯ ದಿನದಿಂದ ಲೆಕ್ಕ. ಅದಕ್ಕೂ ಅವರ ಡಾಕ್ಟರ ಸರ್ಟಿಫಿಕೇಟ್ ಬೇಕು, ಅಂದರೆ ಮತ್ತೆ ಸಾಲು. ಹುಡುಗ ಕೆಲಸಕ್ಕೆ ಬಂದೇ ಬರುವುದು ಆ ಮೊದಲ ಎರಡು ದಿನ, ಒಂದು ಮಾತ್ರೆ ನುಂಗಿಕೊಂಡು. ಗುತ್ತಿಗೆಯವರ ಕೆಳಗೆ ದುಡಿಯುವವರ ಹೆಸರಂತೂ ಎಷ್ಟೋ ಕಡೆ ಪುಸ್ತಕದಲ್ಲೇ ಇರುವುದಿಲ್ಲ. ಕಟ್ಟಡ ಕೆಲಸದವರು, ಮನೆಗೆಲಸದ ಹೆಂಗಸರು, ಇವರನ್ನು ಕೇಳುವವರೇ ಇಲ್ಲ. ಮನೆಗೆಲಸದವಳು ಕೆಮ್ಮಿದರೆ ನಾಳೆಯಿಂದ ಬರಬೇಡ ಅನ್ನುತ್ತೇವೆ, ತಿಂಗಳ ಕೊನೆಗೆ ಆ ದಿನಗಳನ್ನು ಹಿಡಿದುಕೊಳ್ಳುತ್ತೇವೆ. ಮುಂದಿನ ಸಲ ಅವಳು ಕೆಮ್ಮು ಬಂದರೂ ಅದುಮಿಕೊಂಡು ಬಂದು ಪಾತ್ರೆ ತಿಕ್ಕುತ್ತಾಳೆ. ಇನ್ನೇನು ಮಾಡಿಯಾಳು?

ಈಗ ನಮ್ಮವರಿಗೆ ಎರಡು ಮಾತು. ಪುಣೆ ಮುಂಬಯಿಯಲ್ಲಿ ಕನ್ನಡದವರು ಬರೀ ಕೂಲಿಗಳಲ್ಲ, ಎಷ್ಟೋ ಹೋಟೆಲುಗಳ ಮಾಲಕರು ನಮ್ಮ ಉಡುಪಿ, ಮಂಗಳೂರು ಕಡೆಯವರೇ. ಅಡುಗೆ ಮನೆಯ ಮೇಲಿನ ಅಟ್ಟದಲ್ಲಿ ಹುಡುಗರು ಸಾಲಾಗಿ ಮಲಗುತ್ತಾರೆ, ಒಬ್ಬನಿಗೆ ಬಂದರೆ ಪಕ್ಕದವನಿಗೆ ಬರಲು ಒಂದು ರಾತ್ರಿ ಸಾಕು. ಜ್ವರ ಬಂದ ಹುಡುಗನಿಗೆ ಬೇರೆ ಒಂದು ಮೂಲೆ, ಕಿಟಕಿ ಇರುವ ಜಾಗ, ಹೊತ್ತಿಗೆ ಗಂಜಿ, ಪಗಾರ ಹಿಡಿಯುವುದಿಲ್ಲ ಅನ್ನೋ ಒಂದು ಮಾತು, ಇಷ್ಟು ಕೊಟ್ಟರೆ ಸಾಕು. ಅದು ಧರ್ಮಕ್ಕಲ್ಲ, ಹೋಟೆಲ್ ನಡೆಯಲಿಕ್ಕೇ ಬೇಕು. ಜ್ವರದ ಕೈ ಇಡ್ಲಿ ತಟ್ಟೆ ಇಟ್ಟು ಹೋದದ್ದು ಗಿರಾಕಿಗೆ ಗೊತ್ತಾದರೆ ಗಲ್ಲಾಪೆಟ್ಟಿಗೆಯ ಗತಿ ಏನು ಅಂತ ಅವರೇ ಯೋಚಿಸಲಿ. ಕನ್ನಡ ಸಂಘಗಳು ಮಾಸ್ಕ್ ಹಂಚಿ ಫೋಟೋ ತೆಗೆಸಿಕೊಳ್ಳುವ ಬದಲು ಮಾಲಕರನ್ನು ಕೂರಿಸಿ ಈ ಮಾತು ಆಡಿಸಿದರೆ ಜಾಸ್ತಿ ಉಪಕಾರ.

ಸರ್ಕಾರದ ಕೈಯಲ್ಲೂ ಹತೋಟಿ ಇಲ್ಲದೆ ಇಲ್ಲ. 1897ರಲ್ಲಿ ಪ್ಲೇಗ್ ಕಾಲಕ್ಕೆ ಮಾಡಿದ ಸಾಂಕ್ರಾಮಿಕ ರೋಗಗಳ ಕಾನೂನನ್ನು ಈಗ ಪುಣೆಯಲ್ಲಿ ಹೊರಗೆ ತೆಗೆದಿದ್ದಾರೆ. ಪ್ಲೇಗ್ ಕಾಲದ ನೆನಪು ಈ ಊರಿಗೆ ಒಳ್ಳೆಯದೇನಲ್ಲ, ಮನೆಮನೆ ಹೊಕ್ಕು ಜನರನ್ನು ಎಳೆದೊಯ್ದರು ಅಂತ ಹಳಬರು ಹೇಳುತ್ತಾರೆ. ಈ ಸಲ ಅದೇ ಕಾನೂನನ್ನು ಜನರ ಪರವಾಗಿ ಬಳಸಲಿ. ಸಣ್ಣ ಜ್ವರಕ್ಕೆ 7 ದಿನದವರೆಗೆ ಯಾವ ಕಾರ್ಖಾನೆ, ಆಫೀಸು, ಶಾಲೆಯೂ ಸರ್ಟಿಫಿಕೇಟ್ ಕೇಳಕೂಡದು, ರಜೆ ಹಾಕಿದವನನ್ನು ಕೆಲಸದಿಂದ ತೆಗೆಯಕೂಡದು ಅಂತ ಒಂದು ಆದೇಶ ಹೊರಡಿಸಲಿ. ಆಸ್ಪತ್ರೆಯ ಸಾಲು ಅರ್ಧಕ್ಕೆ ಇಳಿಯದಿದ್ದರೆ ಕೇಳಿ.

ಬರುವ ಭಾನುವಾರ, 23ಕ್ಕೆ, ಗಣೇಶ ಚೌತಿ. ಪುಣೆಯ ಗಣಪತಿ ಅಂದ ಮೇಲೆ ಜನ ಸೇರದೆ ಇರುತ್ತಾರಾ? ಮಂಡಲಗಳು ಈ ವರ್ಷ ಸರಳವಾಗಿ ಮಾಡಬೇಕಾ ಬೇಡವಾ ಅನ್ನೋ ಚರ್ಚೆ ಜೋರಾಗಿದೆ. ಕೆಮ್ಮು ಇದ್ದವರು ಮನೆಯ ಗಣಪತಿಗೇ ಕೈ ಮುಗಿಯಿರಿ, ಅವನೇನು ಬೇಜಾರು ಮಾಡಿಕೊಳ್ಳಲ್ಲ.

ನಮ್ಮ ವರ್ಕ್‌ಶಾಪಿನಲ್ಲಿ ಮೂರು ದಿನದವರೆಗೆ ಚೀಟಿ ಕೇಳುವುದಿಲ್ಲ, ಪಗಾರವೂ ಹಿಡಿಯುವುದಿಲ್ಲ ಅನ್ನುವಷ್ಟಕ್ಕೆ ಸೇಠ್ ಒಪ್ಪಿದ್ದಾರೆ. ಒಪ್ಪಿದ ಮರುದಿನವೇ ಆ ಲೇಥಿನ ಹುಡುಗ ತಾನಾಗಿ ಮನೆಗೆ ಹೋಗಿ ಮಲಗಿದ, ನಾನು ಹೇಳುವುದೇ ಬೇಕಾಗಲಿಲ್ಲ. ಉಳಿದ ನಾಲ್ಕು ದಿನದ ಮಾತುಕತೆ ಇನ್ನೂ ನಡೆಯುತ್ತಿದೆ. ನೀವು ಈ ಪತ್ರ ಹಾಕಿದರೆ ಕತ್ತರಿಸಿ ಅವರ ಟೇಬಲ್ ಮೇಲೆ ಇಡಬೇಕು ಅಂತಿದ್ದೇನೆ. ಅವರಿಗೆ ಕನ್ನಡ ಬರಲ್ಲ, ನಾನೇ ಓದಿ ಹೇಳುತ್ತೇನೆ.

ಇತಿ,
ಹಾಜರಿ ಬರೆಯುವ ಒಬ್ಬ ಓದುಗ
ಭೋಸರಿ, ಪುಣೆ