ಪ್ರಾಜೆಕ್ಟ್ ಎಂಜಿನಿಯರ್ ಆಗಿರುವ ಅಕ್ಕನ ಮಗನಿಗೆ ಚಿಕ್ಕಮ್ಮನ ಪತ್ರ

ಸೋಮವಾರಪೇಟೆ

ಪ್ರೀತಿಯ ರಕ್ಷಿತ್,

ಚಿಕ್ಕಮ್ಮನ ಆಶೀರ್ವಾದಗಳು. ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಅಲ್ಲೇ ಉತ್ತರ ಕೊಡಲಿಲ್ಲ. ಅವಸರದಲ್ಲಿ ಹೇಳುವ ಮಾತಲ್ಲ ಅದು. “ಕಂಪನಿಯವರು ಎಐ ಸಾಫ್ಟ್‌ವೇರ್ ತಂದಿದ್ದಾರೆ, ನಾನು ದಿನವಿಡೀ ಕೂತು ತೆಗೆಯುತ್ತಿದ್ದ ಕ್ವಾಂಟಿಟಿಯನ್ನು, ಅಂದರೆ ಎಷ್ಟು ಕಾಂಕ್ರೀಟ್, ಎಷ್ಟು ಕಬ್ಬಿಣ ಬೇಕೆಂಬ ಲೆಕ್ಕವನ್ನು, ಅದು ಡ್ರಾಯಿಂಗ್ ನೋಡಿ ಚಿಟಿಕೆ ಹೊಡೆಯುವಷ್ಟರಲ್ಲಿ ಕೊಡುತ್ತದೆ, ಮುಂದೆ ನನ್ನಂಥವರಿಗೆ ಕೆಲಸ ಉಂಟಾ ಚಿಕ್ಕಮ್ಮ, ಸಿವಿಲ್ ಬಿಟ್ಟು ಡೇಟಾ ಸೈನ್ಸ್ ಕೋರ್ಸಿಗೆ ಸೇರಿಬಿಡಲಾ” ಎಂದು ನೀನು ಕೇಳಿದ್ದೆ. ಸೇರಬೇಡ. ಯಾಕೆಂದು ಹೇಳುತ್ತೇನೆ, ನಿಧಾನವಾಗಿ ಓದು.

ನಿನ್ನ ಹೆದರಿಕೆಯಲ್ಲಿ ಅರ್ಥವಿದೆ. ನಿನ್ನನ್ನು ಸಮಾಧಾನ ಮಾಡಲು ನಾನು ಬಣ್ಣದ ಮಾತು ಆಡುವುದಿಲ್ಲ. ಪ್ರಾಜೆಕ್ಟ್ ಎಂಜಿನಿಯರ್ ಎಂದು ಹೆಸರು ಕೊಟ್ಟು ನಿಮ್ಮಿಂದ ಮಾಡಿಸುತ್ತಿರುವುದರಲ್ಲಿ ಎಷ್ಟೋ ಪಾಲು ಮೇಜಿನ ಕೆಲಸ. ದಿನದ ವರದಿ, ಮೀಟಿಂಗ್ ಮಿನಿಟ್ಸ್, ಪ್ರಿಮಾವೆರಾ ಸಾಫ್ಟ್‌ವೇರಿನಲ್ಲಿ ಶೆಡ್ಯೂಲ್ ಅಪ್‌ಡೇಟ್, ಕಬ್ಬಿಣದ ಸರಳುಗಳ ಪಟ್ಟಿಯಾದ ಬಾರ್ ಬೆಂಡಿಂಗ್ ಶೆಡ್ಯೂಲ್, ಕ್ಲೈಂಟಿಗೆ ಪತ್ರ. ಇದರಲ್ಲಿ ಬಹಳಷ್ಟು ಯಂತ್ರದ ಪಾಲಾಗುತ್ತದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2020ರಲ್ಲೇ ಪ್ರಾಜೆಕ್ಟಿನ ಕಾಗದಪತ್ರಗಳನ್ನೆಲ್ಲ ಡೇಟಾ ಲೇಕ್ ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದಿತು. ಮರುವರ್ಷ ಕಾಮಗಾರಿಗಳ ಡ್ರೋನ್ ವಿಡಿಯೋ ಪ್ರತಿ ತಿಂಗಳೂ ಆಗಲೇಬೇಕು ಎಂದಿತು. ಚಾಟ್‌ಜಿಪಿಟಿ ಬಂದದ್ದು ಅದಾದ ಮೇಲೆ, 2022ರ ನವೆಂಬರಿನಲ್ಲಿ. ಪ್ಲಾನಿಂಗ್ ವಿಭಾಗದಲ್ಲಿ ಈಗ ಕೂತಿರುವಷ್ಟು ಜನ ಇನ್ನು ಕೆಲವು ವರ್ಷ ಕಳೆದರೆ ಬೇಕಾಗಲಿಕ್ಕಿಲ್ಲ. ಬರೀ ಎಕ್ಸೆಲ್ ತುಂಬುವುದನ್ನೇ ಉದ್ಯೋಗ ಎಂದುಕೊಂಡವರಿಗೆ ಕಷ್ಟವಿದೆ.

ಇನ್ನು ಯಂತ್ರದ ಕೈಗೆ ಸಿಗದ ಕೆಲಸ ಯಾವುದು ನೋಡು. 2018ರ ಆಗಸ್ಟ್ ನೆನಪಿದೆಯಲ್ಲ. ಮಡಿಕೇರಿ–ಸಂಪಾಜೆ ರಸ್ತೆ ಹಲವು ಕಡೆ ಜಾರಿತು. ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ ಎಲ್ಲ ಹೋಯಿತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ತಡೆಗೋಡೆಗಳು ಎದ್ದವು. ತಡೆಗೋಡೆಯ ಹಿಂದಿನ ಮಣ್ಣಿನ ಭಾರವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಆದರೆ ಗೋಡೆಯನ್ನು ಉರುಳಿಸುವುದು ಬಹಳ ಸಲ ಅಲ್ಲಿ ನಿಂತ ನೀರು. ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ ತಳದಲ್ಲಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ, ಐದು ಮೀಟರಿಗೆ 5 ಟನ್. ಅದಕ್ಕೇ ಗೋಡೆಯಲ್ಲಿ ನೀರು ಹೊರಹೋಗುವ ತೂತು, ಅಂದರೆ ವೀಪ್ ಹೋಲ್ ಇಡುವುದು, ಹಿಂದುಗಡೆ ಜಲ್ಲಿಯ ಫಿಲ್ಟರ್ ತುಂಬುವುದು, ಮೇಲಿನಿಂದ ಬರುವ ನೀರನ್ನು ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸುವುದು. ಮುಂದಿನಿಂದ ನೋಡಿದರೆ ಆ ತೂತುಗಳ ಪಿವಿಸಿ ಪೈಪುಗಳು ಸಾಲಾಗಿ ಚೆಂದ ಕಾಣುತ್ತವೆ. ಹಿಂದೆ ಜಲ್ಲಿಯ ಬದಲು ಅಲ್ಲೇ ಅಗೆದ ಜೇಡಿಮಣ್ಣನ್ನು ತುಂಬಿಬಿಟ್ಟರೆ ಮಳೆಗಾಲ ಕಳೆಯುವುದರೊಳಗೆ ಪೈಪಿನ ಬಾಯಿ ಕಟ್ಟಿಕೊಳ್ಳುತ್ತದೆ. ಡ್ರೋನ್ ಫೋಟೋದಲ್ಲಿ ಮಾತ್ರ ಗೋಡೆ ಮುಗಿದಿರುತ್ತದೆ. ಸಾಫ್ಟ್‌ವೇರ್ ಕೂಡ ಮುಗಿಯಿತು ಎಂದೇ ತೋರಿಸುತ್ತದೆ. ಮಣ್ಣು ಸುರಿಯುವ ಹೊತ್ತಿಗೆ ಅಲ್ಲಿ ನಿಂತು, “ಮೇಸ್ತ್ರಿ, ನಿಲ್ಲಿಸಿ, ತುಂಬಿದ್ದನ್ನು ತೆಗೆಸಿ” ಎನ್ನಲು ಒಬ್ಬ ಎಂಜಿನಿಯರ್ ಇರಬೇಕು.

ನಾನು ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ದೊಡ್ಡ ಮಳೆಯ ಮಾರನೇ ದಿನ ಗೋಡೆಗಳ ಬುಡದಲ್ಲೇ ನಡೆದುಕೊಂಡು ಹೋಗುತ್ತಿದ್ದೆ. ಪೈಪಿನಿಂದ ತಿಳಿನೀರು ಬರುತ್ತಿದ್ದರೆ ನೆಮ್ಮದಿ. ಅಷ್ಟು ಮಳೆ ಸುರಿದರೂ ಪೈಪು ಒಣಗಿದ್ದರೆ ಆ ಗೋಡೆ ನನ್ನ ಡೈರಿಗೆ ಹೋಗುತ್ತಿತ್ತು. ಕೆಂಪು ನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ, ಅದಕ್ಕೆ ಇನ್ನೂ ಬೇಗ ಓಡಬೇಕು. ಇದನ್ನು ಕಲಿಯಲು ಕಾಲಿಗೆ ಕೆಸರು ಮೆತ್ತಿಕೊಳ್ಳಲೇಬೇಕು ಮಗ.

ಸಹಿಯ ವಿಚಾರ ಇನ್ನೂ ದೊಡ್ಡದು. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಎಂಬ ಸಲಹಾ ಕಂಪನಿ ಕೊಟ್ಟ ವರದಿಯೊಂದರಲ್ಲಿ ಇಲ್ಲದ ಪ್ರಬಂಧಗಳ ಹೆಸರು, ನ್ಯಾಯಾಲಯ ಆಡದ ಮಾತು ಸೇರಿಕೊಂಡಿದ್ದವು. ಅದನ್ನು ತಯಾರಿಸುವಾಗ ಎಐ ಬಳಸಿದ್ದರು. ಕಡೆಗೆ ತೆಗೆದುಕೊಂಡ ಹಣದಲ್ಲಿ ಒಂದು ಪಾಲು ವಾಪಸ್ ಕೊಡಬೇಕಾಯಿತು. ಹಣ ಕೊಟ್ಟದ್ದು ಕಂಪನಿ, ಸಾಫ್ಟ್‌ವೇರ್ ಅಲ್ಲ. ನಮ್ಮಲ್ಲೂ ಅಳತೆ ಪುಸ್ತಕದಲ್ಲಿ, ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಪೋರ್ ಕಾರ್ಡಿನಲ್ಲಿ ಸಹಿ ಹಾಕುವವನು ಮನುಷ್ಯನೇ. ನಾಳೆ ತನಿಖೆಯವರು ಕರೆಯುವುದೂ ಅವನನ್ನೇ. ಹಾಗಾಗಿ ಯಂತ್ರ ಕೊಟ್ಟ ಅಂಕಿ ನೋಡಿದ ಕೂಡಲೇ ಇದು ಆಗುವಂಥದ್ದೋ ಅಲ್ಲವೋ ಎಂದು ನಿನಗೆ ಹೊಳೆಯಬೇಕು. ಸಾಧಾರಣ ಸ್ಲ್ಯಾಬಿಗೆ ಘನ ಮೀಟರಿಗೆ ಸುಮಾರು 80 ಕೆಜಿ ಕಬ್ಬಿಣ ಎಂದು ತಲೆಯಲ್ಲಿರುವವನು 200 ಎಂಬ ಅಂಕಿ ಕಂಡರೆ ಅಲ್ಲೇ ನಿಲ್ಲುತ್ತಾನೆ. ಒಂದೇ ಸರಳನ್ನು ಎರಡು ಶೀಟಿನಲ್ಲಿ ಎಣಿಸಿದೆಯೇನೋ ಎಂದು ಡ್ರಾಯಿಂಗ್ ಬಿಡಿಸುತ್ತಾನೆ. ಅದಕ್ಕೇ ಕೈಯಲ್ಲಿ ಲೆಕ್ಕ ಹಾಕುವುದನ್ನು ಈಗಲೇ ಬಿಡಬೇಡ. ವಾರಕ್ಕೊಂದು ಐಟಂ ಆದರೂ ನೀನೇ ಮೊದಲು ತೆಗೆ, ಆಮೇಲೆ ಸಾಫ್ಟ್‌ವೇರಿನದನ್ನು ಪಕ್ಕದಲ್ಲಿಟ್ಟು ನೋಡು.

ಎಐ ಬೇಡ ಎನ್ನುತ್ತಿಲ್ಲ. ಅದನ್ನು ನಿಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಳಸುವವನು ನೀನಾಗು. ನೂರಾರು ಪುಟದ ಟೆಂಡರ್ ಡಾಕ್ಯುಮೆಂಟಿನಲ್ಲಿ ಬೇಕಾದ ಷರತ್ತು ಹುಡುಕಲು, ಪತ್ರದ ಕರಡು ಮಾಡಲು, ಹಿಂದಿನ ಪ್ರಾಜೆಕ್ಟಿನ ದಾಖಲೆ ಜಾಲಾಡಲು ಅದಕ್ಕಿಂತ ಒಳ್ಳೆಯ ಸಹಾಯಕನಿಲ್ಲ. ಸ್ವಲ್ಪ ಪೈಥಾನ್, ಅಂಕಿಗಳನ್ನು ಚಾರ್ಟ್ ಮಾಡುವ ಪವರ್ ಬಿಐ ರಾತ್ರಿ ಹೊತ್ತು ಕಲಿ, ಸಾಕು. ಕಂಪನಿಯ ರೇಟು, ಟೆಂಡರ್ ಕಾಗದಗಳನ್ನು ಮಾತ್ರ ಯಾವುದೋ ಉಚಿತ ಆ್ಯಪಿಗೆ ಹಾಕಬೇಡ.

ದಾರಿ ಯಾವುದು ಎಂದು ಕೇಳಿದೆಯಲ್ಲ. ನಿನಗೆ ನಾನು ಎರಡನ್ನು ಹೇಳುತ್ತೇನೆ. ಒಂದು, ಕಾಂಟ್ರಾಕ್ಟ್ ಮತ್ತು ಕ್ಲೇಮ್, ಅಂದರೆ ಕರಾರು ಮತ್ತು ಅದರಡಿ ಹೆಚ್ಚುವರಿ ಸಮಯ, ಹಣ ಕೇಳುವ ಕೆಲಸ. ಇದರ ಕಡೆ ಹುಡುಗರು ತಿರುಗಿಯೂ ನೋಡುವುದಿಲ್ಲ, ಕಾನೂನಿನ ಭಾಷೆ ಕಂಡರೆ ಬೇಜಾರು. ಆದರೆ ಪ್ರಾಜೆಕ್ಟಿನ ಲಾಭ ನಷ್ಟ ಅಲ್ಲೇ ತೀರ್ಮಾನವಾಗುತ್ತದೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿ ಕರಾರಿನಲ್ಲಿ, ಅಡಚಣೆ ಗೊತ್ತಾದ 28 ದಿನದೊಳಗೆ ಗುತ್ತಿಗೆದಾರ ನೋಟಿಸ್ ಕೊಡದಿದ್ದರೆ ಹೆಚ್ಚುವರಿ ಸಮಯವೂ ಇಲ್ಲ, ಹಣವೂ ಇಲ್ಲ. ನೋಟಿಸ್ ಬರೆದುಕೊಡಲು ಎಐ ಇದೆ. ಆದರೆ ಡ್ರಾಯಿಂಗ್ ಯಾವತ್ತು ಬರಬೇಕಿತ್ತು, ಯಾವತ್ತು ಬಂತು, ಆ ನಡುವೆ ಎಷ್ಟು ಜನ, ಯಾವ ಯಂತ್ರ ಸುಮ್ಮನೆ ನಿಂತಿತ್ತು ಎಂಬುದನ್ನು ಆಯಾ ದಿನವೇ ಬರೆದಿಡುವವನು ಬೇಕು. ಸೈಟೂ ಗೊತ್ತು, ಕರಾರೂ ಗೊತ್ತು ಎಂಬ ಎಂಜಿನಿಯರ್ ಸಿಗುವುದು ಅಪರೂಪ.

ಇನ್ನೊಂದು, ಜಿಯೋಟೆಕ್ನಿಕಲ್, ಅಂದರೆ ಮಣ್ಣು, ಬಂಡೆ, ಗುಡ್ಡಗಳ ಎಂಜಿನಿಯರಿಂಗ್. ಆಗುವುದಾದರೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಮಾಡು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ, ಹೀಗೆ ನಮ್ಮ ಗುಡ್ಡಗಳು ಜಾರುತ್ತಲೇ ಇವೆ. ಗುಡ್ಡ ಕಡಿದು ರೆಸಾರ್ಟ್, ಹೋಂಸ್ಟೇ ಕಟ್ಟುವವರಿಗೆ ಎಲ್ಲಿ ಕಡಿಯಬಾರದು ಎಂದು ಹೇಳಬಲ್ಲವರು ಇಲ್ಲಿ ಬೇಕೇ ಬೇಕು. ಇದರಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇದೆ, ನೀನು ಊರಿಗೆ ಬರುವ ದಾರಿ ಅದು.

ಬಿಐಎಂ, ಅಂದರೆ ಕಟ್ಟಡದ ಮೂರು ಆಯಾಮದ ಡಿಜಿಟಲ್ ಮಾದರಿ ಮಾಡುವುದನ್ನು ಕಲಿಯಬಹುದು, ಒಳ್ಳೆಯದೇ. ಪ್ರಾಜೆಕ್ಟ್ ನಿರ್ವಹಣೆಯ ಪಿಎಂಪಿ ಪರೀಕ್ಷೆಗೆ ಪದವೀಧರರಿಗೂ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು, ಆಮೇಲೆ ನೋಡೋಣ. ಕೆಪಿಎಸ್‌ಸಿ ಅರ್ಜಿ ಕರೆದರೆ ಹಾಕು, ಆದರೆ ಅದೊಂದನ್ನೇ ನಂಬಿ ಕೆಲಸ ಬಿಟ್ಟು ಕೂರಬೇಡ.

ಈಗ ಮಾಡಬೇಕಾದದ್ದು ಇಷ್ಟು. ಆ ಕೋರ್ಸಿಗೆ ಸಾಲ ಮಾಡಬೇಡ. ಘಟ್ಟದ ಕಡೆ ನಿಮ್ಮ ಕಂಪನಿಯ ರಸ್ತೆ ಕೆಲಸ ಶುರುವಾಗುತ್ತದೆ ಎಂದಿದ್ದೆಯಲ್ಲ, ಹೆಡ್ ಆಫೀಸಿನಿಂದ ಅಲ್ಲಿಗೆ ಹಾಕಿ ಎಂದು ಕೇಳು. ಸಂಬಳ ಹೆಚ್ಚದಿದ್ದರೂ ಪರವಾಗಿಲ್ಲ. ಬೆಂಗಳೂರು ಬಿಟ್ಟು ಕ್ಯಾಂಪಿನಲ್ಲಿ ಇರುತ್ತಾನೆ ಎಂದು ಅಕ್ಕ ಬೇಸರ ಮಾಡಿಕೊಳ್ಳುತ್ತಾಳೆ, ಅವಳಿಗೆ ನಾನೇ ಹೇಳುತ್ತೇನೆ. ಮ್ಯಾನೇಜರಿಗೆ ಕೊಡುವ ಪತ್ರವನ್ನು ನೀನೇ ಬರೆದು ನನಗೆ ಕಳಿಸು. ತಿದ್ದುವುದಿದ್ದರೆ ತಿದ್ದಿ ಅದೇ ದಿನ ವಾಪಸ್ ಕಳಿಸುತ್ತೇನೆ.

ನಿನ್ನ ಚಿಕ್ಕಮ್ಮ