ದುಡ್ಡು ಮುಖಕ್ಕೋ, ಪೀಠಕ್ಕೋ?

ಮಾನ್ಯ ಸಂಪಾದಕರೇ,

ಹಾಲಿವುಡ್ ಸಿನಿಮಾ ಪಾತ್ರಗಳ ಪ್ರತಿಮೆಗೆ ಲಕ್ಷ ರೂಪಾಯಿ ಸುರಿಯುವವರು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಅಮೆರಿಕದ ಸೈಡ್‌ಶೋ, ಜಪಾನಿನ ಪ್ರೈಮ್ ಒನ್ ಸ್ಟುಡಿಯೊ, ಹಾಂಗ್‌ಕಾಂಗಿನ ಹಾಟ್ ಟಾಯ್ಸ್, ಬ್ರೆಜಿಲ್ಲಿನ ಐರನ್ ಸ್ಟುಡಿಯೋಸ್ ಎಂದರೆ ಸಂಗ್ರಾಹಕರಿಗೆ ಮನೆಮಾತು. ದರ ಹೆಚ್ಚಾದಷ್ಟೂ ಮುಖ ನಟನಂತೆಯೇ ಇರುತ್ತದೆ ಎಂದು ನಂಬಿ ಕೊಳ್ಳುವವರೇ ಬಹಳ. ಆ ಲೆಕ್ಕ ತಪ್ಪು. ದರ ಏರುವುದು ಗಾತ್ರಕ್ಕೆ, ಲೈಸೆನ್ಸಿಗೆ, ಸಾಗಣೆಗೆ. ಹೋಲಿಕೆ ನಿಲ್ಲುವುದು ಕಣ್ಣಿನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿ.

ಆರಡಿ ಆಳು 1/6 ಸ್ಕೇಲಿನಲ್ಲಿ ಸುಮಾರು 30 ಸೆಂ.ಮೀ., 1/4ರಲ್ಲಿ 45, 1/3ರಲ್ಲಿ 60. ಎತ್ತರ ಇಮ್ಮಡಿಯಾದರೆ ಗಾತ್ರ ಎಂಟು ಪಟ್ಟು. 1/4ರಿಂದ 1/3ಕ್ಕೆ ಹೋದರೂ ಹತ್ತಿರ ಹತ್ತಿರ 2.4 ಪಟ್ಟು ರಾಳ (ರೆಸಿನ್) ಬೇಕು. ಅದರ ಕೆಳಗೆ ಕುಸಿದ ಗೋಡೆ, ಮುರಿದ ಕಾರು, ಬೆಂಕಿಯ ಎಲ್‌ಇಡಿ ಇರುವ ಪೀಠ ಬಂತೆಂದರೆ ಅರ್ಧ ದುಡ್ಡು ಅಲ್ಲೇ ಕರಗಿತು. ಮುಖವಾದರೋ 1/4 ಸ್ಕೇಲಿನಲ್ಲೂ ಗಲ್ಲದಿಂದ ನೆತ್ತಿಗೆ ಐದೂವರೆ ಸೆಂ.ಮೀ. ಚಿಲ್ಲರೆ, ಅಷ್ಟೇ.

ನಮ್ಮ ಶಿಲ್ಪಿಗಳು ವಿಗ್ರಹದ ಕಣ್ಣನ್ನು ಕೊನೆಗೆ ತೆರೆಸುವುದು ಸುಮ್ಮನೆ ಅಲ್ಲ. ಮನುಷ್ಯನ ಕಣ್ಣಿನ ಬಣ್ಣದ ವರ್ತುಲ ಸುಮಾರು 12 ಮಿ.ಮೀ. ಇರುತ್ತದೆ, 1/6ರಲ್ಲಿ ಅದು ಬರೀ 2 ಮಿ.ಮೀ. ಕಾರ್ಖಾನೆಯಲ್ಲಿ ಕಣ್ಣಿನ ಬಣ್ಣ ಅಚ್ಚೊತ್ತುವಾಗ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ ನಿಜ ಅಳತೆಯಲ್ಲಿ 3 ಮಿ.ಮೀ. ಸರಿದಂತೆ. ಅಲ್ಲಿಗೆ ವೀರನೂ ಮೆಳ್ಳಗಣ್ಣನೇ. ಹಾಟ್ ಟಾಯ್ಸ್ ತನ್ನ ಡಿಎಕ್ಸ್ ಸರಣಿಯಲ್ಲಿ ಹೊರಳಿಸಬಹುದಾದ ಕಣ್ಣುಗುಡ್ಡೆ ತಂದ ಮೇಲೆ ಈ ಕಾಟ ಕಡಿಮೆಯಾಯಿತು. ಕಣ್ಣು ಅಚ್ಚೊತ್ತಿದ್ದೇ ಆದರೆ ಒಂದು ನೋಡಿಕೊಳ್ಳಿ: ಬಣ್ಣದ ವರ್ತುಲದ ಮೇಲಂಚು ರೆಪ್ಪೆಯಡಿ ಸ್ವಲ್ಪ ಮುಚ್ಚಿರಬೇಕು. ಮೇಲೂ ಬಿಳಿ ಕಂಡರೆ ಎಂಥ ಖಳನಾಯಕನೂ ಬೆಚ್ಚಿಬಿದ್ದವನಂತೆ ಕಾಣುತ್ತಾನೆ.

ಪ್ರೀ-ಆರ್ಡರ್ ಪುಟದ ಚಿತ್ರಗಳನ್ನು ನಂಬಿ ಮುಂಗಡ ಕಟ್ಟಬೇಡಿ. ಅವು ಪ್ರೊಟೊಟೈಪಿನವು, ಅಂದರೆ ಮೊದಲು ಮಾಡಿದ ಮಾದರಿಯವು. ನುರಿತ ಕಲಾವಿದರು ಒಂದೇ ಒಂದಕ್ಕೆ ದಿನಗಟ್ಟಲೆ ಕೂತು ಬಣ್ಣ ಹಾಕಿರುತ್ತಾರೆ. ಮನೆಗೆ ಬರುವುದು ಕಾರ್ಖಾನೆಯಲ್ಲಿ ನೂರಾರು ತಲೆಗಳ ಸಾಲಿನಲ್ಲಿ ಬಣ್ಣ ಕಂಡ ಒಂದು ತಲೆ. ಮೊದಲ ಲಾಟು ಯಾರ ಕೈಗಾದರೂ ಸೇರಿದ ಮೇಲೆ, ಕಣ್ಣಿನ ಮಟ್ಟದಲ್ಲಿ ತೆಗೆದ ಮೂರು ಫೋಟೊ ಕೇಳಿ ತರಿಸಿಕೊಳ್ಳಿ: ನೇರ, ಮುಕ್ಕಾಲು ಓರೆ, ಪೂರ್ತಿ ಪಕ್ಕ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ ಕಿವಿ ಹಿಂದಕ್ಕೆ ಓಡುತ್ತದೆ. ಮುಕ್ಕಾಲು ಮೀಟರ್ ದೂರ ನಿಂತು ಎರಡು ಪಟ್ಟು ಝೂಮ್ ಮಾಡಿ ತೆಗೆದದ್ದೇ ಲೆಕ್ಕಕ್ಕೆ. ಆಮೇಲೆ ಆ ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಅದೇ ಕೋನದ ಸಿನಿಮಾ ದೃಶ್ಯದ ಪಕ್ಕ ಇಡಿ. ಚರ್ಮದ ಬಣ್ಣದ ಮೋಡಿ ಕಳಚಿ ಶಿಲ್ಪವಷ್ಟೇ ಉಳಿಯುತ್ತದೆ. ಬಣ್ಣ ಕೆಟ್ಟಿದ್ದರೆ ಒಳ್ಳೆಯ ಪೇಂಟರ್ ಸರಿಮಾಡಿಯಾನು. ಪಕ್ಕನೋಟದಲ್ಲಿ ದವಡೆ, ಹಣೆ ತಪ್ಪಿದ್ದರೆ ಅದಕ್ಕೆ ಮದ್ದಿಲ್ಲ.

ಇನ್ನೊಂದು ಮಾತು. ಪಾತ್ರದ ಲೈಸೆನ್ಸ್ ಬೇರೆ, ನಟನ ಮುಖದ ಹಕ್ಕು ಬೇರೆ. ಎರಡನೆಯದು ಸಿಗದಿದ್ದಾಗ ಬಟ್ಟೆಬರೆ ಕರಾರುವಾಕ್ಕು, ಮುಖ ಮಾತ್ರ ಯಾರದೋ ಎನ್ನುವಂಥ ಪ್ರತಿಮೆ ಬರುತ್ತದೆ. ಹೊಸಬರು ಡಾರ್ತ್ ವೇಡರ್, ಐರನ್ ಮ್ಯಾನ್, ಪ್ರೆಡೇಟರ್‌ನಂಥ ಮುಖವಾಡದವರಿಂದ ಶುರು ಮಾಡುವುದೇ ಜಾಣತನ: ಹೋಲಿಕೆಯ ತಲೆನೋವೇ ಇಲ್ಲ. ಬಣ್ಣ ಬಳಿದುಕೊಂಡ ಜೋಕರ್ ಕೂಡ ಬರಿಮುಖದ ನಾಯಕನಿಗಿಂತ ಸುಲಭವಾಗಿ ದಕ್ಕುತ್ತಾನೆ.

ಈಗ ದರಪಟ್ಟಿಯಲ್ಲಿ ಕಾಣದ ಖರ್ಚು. ವಿಮಾನ ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆಯ ಅಳತೆಯನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು ಮಾಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಅವರ ವಾಡಿಕೆ. 75×60×50ರ ಪೆಟ್ಟಿಗೆಯೊಳಗೆ 18 ಕೆ.ಜಿ. ಇದ್ದರೂ ಬಿಲ್ಲು 45 ಕೆ.ಜಿ.ಗೆ. ಕಸ್ಟಮ್ಸ್ ಸುಂಕ ಬೀಳುವುದು ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರೂ ಕೂಡಿದ ಮೊತ್ತದ ಮೇಲೆ. ಆಟಿಕೆಗಳ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಜೊತೆಗೆ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇನ್‌ವಾಯ್ಸಿನಲ್ಲಿ ‘ಟಾಯ್’ ಎಂದು ಬರೆದರೆ ಪಾರ್ಸೆಲ್ ಅಲ್ಲೇ ಕೂರಬಹುದು. ಸುಳ್ಳು ಬರೆಸಬೇಕಿಲ್ಲ, ದೊಡ್ಡವರ ಅಲಂಕಾರದ ಪ್ರತಿಮೆ, ಇಂಥ ವಸ್ತುವಿನದು ಎಂಬ ನಿಜವನ್ನೇ ಸ್ಪಷ್ಟವಾಗಿ ಬರೆಸಿ. ಪ್ರೀ-ಆರ್ಡರ್ ಮುಂಗಡ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಉಳಿದದ್ದನ್ನು ವರ್ಷದ ಮೇಲೆ ಕಟ್ಟುವಾಗ ಅಂದಿನ ಡಾಲರ್ ದರ ನಿಮ್ಮ ತಲೆಗೆ. ಒಟ್ಟು ಎಷ್ಟು ಪ್ರತಿಮೆ ಮಾಡುತ್ತಾರೆ ಎಂಬ ಎಡಿಷನ್ ಸಂಖ್ಯೆ ‘ಮುಂದೆ ತಿಳಿಸಲಾಗುವುದು’ ಎಂದಿದ್ದರೆ ಆರ್ಡರ್ ಬಂದಷ್ಟೂ ಮಾಡುತ್ತಾರೆ ಎಂದೇ ತಿಳಿಯಿರಿ; ಮರುಮಾರಾಟದಲ್ಲಿ ದರ ಏರೀತೆಂಬ ಆಸೆ ಬಿಡಿ.

ವಸ್ತುವಿನ ಗುಣವೂ ದರದಷ್ಟೇ ಮುಖ್ಯ. ರಾಳಕ್ಕೆ ಕಲ್ಲಿನ ಪುಡಿ ಬೆರೆಸಿದ ಪಾಲಿಸ್ಟೋನ್ ಭಾರ, ಆದರೆ ಪೆಡಸು. ಮಣಿಕಟ್ಟು, ಬೆರಳು, ಕತ್ತಿಯ ತುದಿ ಮೊದಲು ಹೋಗುವುದು. ಅಂಟಿಸಲು ಎರಡು ಟ್ಯೂಬಿನ ಎಪಾಕ್ಸಿ ಬಳಸಿ. ಇನ್‌ಸ್ಟಂಟ್ ಗ್ಲೂ ಆವಿ ಸುತ್ತಲಿನ ಬಣ್ಣದ ಮೇಲೆ ಬಿಳಿ ಪದರ ಕಟ್ಟುತ್ತದೆ. ಪಿವಿಸಿ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬಿಸಿಗೆ ಬಾಗುತ್ತದೆ. ಒಂಟಿಕಾಲಿನ ಭಂಗಿಯಾದರೆ ಒಳಗೆ ಉಕ್ಕಿನ ಸರಳಿದೆಯೇ ಕೇಳಿ. ಕೃತಕ ಚರ್ಮದ ಕೋಟು ಮಂಗಳೂರು, ಉಡುಪಿಯ ತೇವಕ್ಕೆ ಕೆಲವೇ ವರ್ಷದಲ್ಲಿ ಹಪ್ಪಳದಂತೆ ಎದ್ದುಬರುತ್ತದೆ. ಕರಾವಳಿಯವರು ಕೋಟನ್ನೂ ರಾಳದಲ್ಲೇ ಕೆತ್ತಿರುವುದನ್ನು ಆರಿಸಿಕೊಳ್ಳಲಿ. ಸಿಲಿಕೋನ್ ತಲೆ ಹತ್ತಿರದಿಂದ ಜೀವಂತ ಚರ್ಮದಂತೆಯೇ ಇರುತ್ತದೆ, ಧೂಳನ್ನೂ ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆ. ಗಾಜಿನ ಕಪಾಟಿಲ್ಲದೆ ಅದು ಬೇಡ.

ಅರ್ಧ ಬೆಲೆಗೆ ಸಿಗುತ್ತದೆಂದರೆ ರೀಕಾಸ್ಟ್ ಇರಬಹುದು, ಅಂದರೆ ಸಿದ್ಧ ಪ್ರತಿಮೆಯಿಂದಲೇ ಅಚ್ಚು ತೆಗೆದ ಕಳ್ಳಮಾಲು. ಅಸಲಿಗಿಂತ ಕೂದಲೆಳೆ ಕುಗ್ಗಿರುತ್ತದೆ, ಹುಬ್ಬು, ತುಟಿಯಂಚು, ಹೊಲಿಗೆಗೆರೆ ಮೊಂಡಾಗಿರುತ್ತವೆ. ಪೀಠದಡಿ ಬರೆದಿರುವ ಆ ಪ್ರತಿಮೆಯ ಕ್ರಮಸಂಖ್ಯೆಯ ಫೋಟೊ ಕೇಳಿ, ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ತಾಳೆ ನೋಡಿ. ಪಾರ್ಸೆಲ್ ಬಂದಾಗ ಟೇಪ್ ಕತ್ತರಿಸುವ ಮೊದಲೇ ವಿಡಿಯೊ ಶುರು ಮಾಡಿ, ಇಲ್ಲದಿದ್ದರೆ ಮುರಿದ ಭಾಗಕ್ಕೆ ಬದಲಿ ಸಿಗುವುದು ಕಷ್ಟ. ಹೊರಗಿನ ಕಂದು ರಟ್ಟಿನ ಪೆಟ್ಟಿಗೆ ಎಸೆಯಬೇಡಿ. ಮುಂದೆ ಮಾರಬೇಕೆಂದಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

– ಕೆಲವು ಸಂಗ್ರಾಹಕರು, ಬೆಂಗಳೂರು