ಉತ್ತರ ಗೊತ್ತಿಲ್ಲದ ಪ್ರಾಕ್ಟಿಕಲ್

ಚಿರಂಜೀವಿ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಸಿಕ್ಕಿ, ಎರಡು ತಿಂಗಳಿಗೆ ಬೆಂಗಳೂರಿನ ಲ್ಯಾಬ್ ಸೇರಿದ್ದೀಯಂತೆ. ನಿಮ್ಮಪ್ಪ ಹೇಳಿದ, ಬಹಳ ಖುಷಿಯಾಯಿತು. ಆದರೆ ಮೊದಲ ವಾರವೇ "ಬರೀ ಮೀಡಿಯಾ ಮಾಡೋದು, ಪ್ಲೇಟ್ ಸುರಿಯೋದು, ಗಾಜು ತೊಳೆಯೋದು" ಅಂತ ಗೊಣಗಿದೆಯಂತಲ್ಲ?

ಮೀಡಿಯಾ ಅಂದರೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಆಹಾರ, ಅದನ್ನು ಮಾಡುವ ಕೆಲಸವನ್ನು ಹಗುರವಾಗಿ ನೋಡಬೇಡ ಕಣೇ. ನಾನು ಕೆಮಿಸ್ಟ್ರಿ ಮೇಷ್ಟ್ರಾದರೂ ಸರ್ವೀಸೆಲ್ಲ ಮೈಕ್ರೋಬಯಾಲಜಿಯವರ ಪಕ್ಕದ ಕೋಣೆಯಲ್ಲೇ ಕಳೆದೆ, ಹಾಗಾಗಿ ಅಷ್ಟಿಷ್ಟು ಗೊತ್ತು. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಇಡುವಾಗ ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲ ಇರಬೇಕು. 121 ಡಿಗ್ರಿಯಲ್ಲಿ 15 ನಿಮಿಷ ಬೆಂದ ಅಗರ್ ಮೀಡಿಯಾದ ಬಾಟಲಿ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಆಂಟಿಬಯೋಟಿಕ್ ಹಾಕಬೇಕು. ಬಿಸಿ ಜಾಸ್ತಿ ಇದ್ದರೆ ಔಷಧಿ ಕೆಡಬಹುದು. ತೀರಾ ಆರಿತೋ, ಬಾಟಲಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಪ್ಲೇಟಿನ ಹೆಸರನ್ನು ಮುಚ್ಚಳದ ಮೇಲೆ ಬರೆಯಬೇಡ, ತಳದ ಅಂಚಿನಲ್ಲಿ ಬರೆ. ಎರಡು ಮುಚ್ಚಳ ಅದಲುಬದಲಾದರೆ ಇಡೀ ವಾರದ ಕೆಲಸ ಹೋಯಿತು, ಅದೂ ನಿನಗೆ ಗೊತ್ತೇ ಆಗದ ಹಾಗೆ. ನಾಳೆ ಪ್ಲೇಟಿನಲ್ಲಿ ಏನೋ ವಿಚಿತ್ರ ಬೆಳೆದರೆ, ಅದು ಹೊಸ ವಿಷಯವೋ ನಿನ್ನ ಕೈಯ ಗಲೀಜೋ ಅಂತ ಹೇಳೋಕೆ ಇವೆಲ್ಲ ಸರಿ ಇರಬೇಕು.

ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಡಿಗ್ರಿ ಪ್ರಾಕ್ಟಿಕಲ್ ನೆನಪಿದೆಯಾ? ಟೈಟ್ರೇಷನ್‌ನಲ್ಲಿ ಮೊದಲ ರೀಡಿಂಗ್ 10.4, ಎರಡನೆಯದು 10.2 ಬಂತು ಅಂದರೆ, ಮೂರನೆಯದಕ್ಕೆ ಬ್ಯೂರೆಟ್ ಮುಟ್ಟದೆಯೇ ಇನ್ನೊಂದು 10.2 ಬರೆದುಬಿಡುವುದು. ಲೋಲಕ ತೂಗಿಸುವ ಮೊದಲೇ ಗುರುತ್ವದ ಉತ್ತರ 9.8 ಅಂತ ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕುವುದು. ಹುಡುಗರು ಇದಕ್ಕೆ 'ಕುಕ್ ಮಾಡೋದು' ಅಂತ ಹೆಸರೇ ಇಟ್ಟಿದ್ದರು. ಪೂರ್ತಿ ಅವರದೇ ತಪ್ಪು ಅನ್ನಲಾರೆ. ಉತ್ತರ ಸರಿ ಬಂದರೆ ಮಾತ್ರ ಮಾರ್ಕ್ಸು ಅಂತ ಕೂರುವ ಎಕ್ಸಾಮಿನರ್‌ಗಳ ಮುಂದೆ ಇನ್ನೇನು ಮಾಡಿಯಾರು?

ಈಗ ನೀನಿರುವ ಕಡೆ ಉತ್ತರ ನಿನ್ನ ಗೈಡ್‌ಗೂ ಗೊತ್ತಿಲ್ಲ. ಗೊತ್ತಿದ್ದರೆ ನಿನ್ನ ಕೈಲಿ ಯಾಕೆ ಮಾಡಿಸುತ್ತಿದ್ದರು? ಮೂರು ಪ್ಲೇಟಿನಲ್ಲಿ ಎರಡು ಖಾಲಿ, ಒಂದರಲ್ಲಿ ಬೆಳೆದಿದೆ ಅಂದರೆ ಹಾಗೇ ಬರೆ. ಏನೂ ಬೆಳೆಯಬಾರದ ಕಂಟ್ರೋಲ್ ಪ್ಲೇಟಿನಲ್ಲೇ ಏನಾದರೂ ಬೆಳೆದಿದ್ದರೆ ಮೊದಲು ಹೋಗಿ ಹೇಳು, ಬೈಸಿಕೊಂಡರೂ ಪರವಾಗಿಲ್ಲ. "ಮೇಡಂ ನಿರೀಕ್ಷೆ ಮಾಡಿದ್ದು ಇದಲ್ಲ" ಅಂತ ಒಂದು ಪ್ಲೇಟನ್ನು ಸುಮ್ನೆ ಕಸಕ್ಕೆ ಹಾಕಬೇಡ.

ನಿನಗೆ ಫೆಲೋಶಿಪ್ ಕೊಟ್ಟ ಅಕಾಡೆಮಿಗಳಲ್ಲಿ ಬೆಂಗಳೂರಿನದನ್ನು 1934ರಲ್ಲಿ ಕಟ್ಟಿದವರು ಸಿ. ವಿ. ರಾಮನ್. ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಸ್ಪೆಕ್ಟ್ರೋಮೀಟರ್‌ನಲ್ಲಿ ಪ್ರಿಸಂನ ಕೋನ ಅಳೆಯುತ್ತಿದ್ದರು. ಎಲ್ಲ ಹುಡುಗರೂ ಮಾಡುವ ಪ್ರಯೋಗವೇ. ಬೆಳಕು ತೀರಾ ಓರೆಯಾಗಿ ಬಿದ್ದಾಗ ಕಾಣುವ ಪಟ್ಟಿಗಳು ಎರಡೂ ಕಡೆ ಒಂದೇ ಸಮ ಇರಲಿಲ್ಲ. ರೀಡಿಂಗ್ ತಗೊಂಡು ಎದ್ದು ಹೋಗಬಹುದಿತ್ತು. ಅವರು ಅದರ ಹಿಂದೆ ಬಿದ್ದರು. 1906ರಲ್ಲಿ ಅದರ ಬಗ್ಗೆ ಬರೆದ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ, ನಿನಗಿಂತ ಚಿಕ್ಕವರು.

ನೋಟ್‌ಬುಕ್ ವಿಷಯ. ಪೆನ್ನಿನಲ್ಲೇ ಬರೆ, ಆಗಿಂದಾಗ್ಗೆ ಬರೆ. ಟಿಶ್ಯೂ ಮೇಲೆ, ಅಂಗೈ ಮೇಲೆ ಗೀಚಿ ಸಂಜೆ ನೀಟಾಗಿ ಇಳಿಸೋಣ ಅನ್ನೋದು ಬೇಡ. ತಪ್ಪಾದರೆ ಒಂದೇ ಗೆರೆ ಎಳೆ, ಕೆಳಗಿನದು ಓದುವ ಹಾಗಿರಲಿ. ವೈಟ್‌ನರ್ ಮುಟ್ಟಲೇಬೇಡ. ಯಾವ ಬಾಟಲಿ, ಯಾವ ಬ್ಯಾಚು, ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಎಲ್ಲ ಇರಲಿ.

ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ ಕೆಲಸ ಮಾಡಬೇಡ. ಗ್ಲೌಸ್ ಹಾಕಿಕೊಂಡ ಕೈಯಲ್ಲಿ ಮೊಬೈಲ್ ಹಿಡಿಯಬೇಡ. ನಿಮ್ಮಮ್ಮನ ಫೋನಾದರೂ ಸರಿ, ಗ್ಲೌಸ್ ತೆಗೆದು ಕೈ ತೊಳೆದೇ ತಗೋ.

ಇನ್ನೊಂದು. ನೋಟ್‌ಬುಕ್ ಸಾಮಾನ್ಯವಾಗಿ ಲ್ಯಾಬಿನ ಆಸ್ತಿ, ನೀನು ಹೊರಡುವಾಗ ಅಲ್ಲೇ ಬಿಡಬೇಕಾಗುತ್ತದೆ. ಫೋಟೋ ತಗೊಳ್ಳಬಹುದಾ ಅಂತ ಗೈಡ್ ಹತ್ತಿರ ಈಗಲೇ ಕೇಳಿಟ್ಟುಕೋ. ಕೊನೆಯ ದಿನ ಎಲ್ಲರೂ ಸರ್ಟಿಫಿಕೇಟಿನ ಸಹಿಗೆ ಓಡಾಡುತ್ತಿರುತ್ತಾರೆ, ಆಗ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ನಿನ್ನ ದೊಡ್ಡಪ್ಪ